ಹಲ್ಲಿನ ಪ್ರಶ್ನೆಯೂ ನಮ್ಮ ತಿಂಡಿಯೂ

ಕಪನೂರದ ತಂಗಿ ಮನೆಗೆ ಹೋದಾಗ ಅವಳ ಕೈಯಲ್ಲೊಂದು ಹಾಳೆ ಇತ್ತು. ಸಣ್ಣ ಮಕ್ಕಳ ಹಲ್ಲನ್ನು ಮನೆಯವರು ಎಷ್ಟು ನಿರ್ಲಕ್ಷ್ಯ ಮಾಡ್ತಾರೆ ಅಂತ ಅಳೆಯುವ ಪ್ರಶ್ನಾವಳಿ, ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ್ದು. ಒಂದು ಪ್ರಶ್ನೆ: ‘ಊಟಗಳ ನಡುವೆ ನಿಮ್ಮ ಮಗುವಿನ ತಿಂಡಿಯನ್ನು ನಿಯಂತ್ರಿಸುತ್ತೀರಾ?’ ಓದಿ ಹೇಳಿದ್ದೇ ತಡ, ಬಾಜೂ ಮನೆ ಆಯಿ, ‘ಕೂಸಿಗೆ ತಿಂಡಿ ಬಿಟ್ಟದೇನು? ಬೇವಿನ ತಪ್ಪಲ ನೀರಾಗ ಎರಿ’ ಅಂದಳು.

ಬೆಂಗಳೂರಿನವರಿಗಾಗಿ ಹೇಳ್ತೇನೆ: ನಮ್ಮ ಕಡೆ ತಿಂಡಿ ಅಂದ್ರೆ ಮೈ ತುರಿಕೆ. ನೀವು ಬೆಳಿಗ್ಗೆ ತಿನ್ನೋದು ನಮಗೆ ನಾಷ್ಟಾ.

ಈ ಬಗೆಯ ಪ್ರಶ್ನೆಗಳ ಮೂಲ ದಕ್ಷಿಣ ಆಸ್ಟ್ರೇಲಿಯಾ. ಥಾಮ್ಸನ್ ಮತ್ತು ಸಂಗಡಿಗರು ಅಲ್ಲಿ ಪರೀಕ್ಷಿಸಿದ ಮಾಪಕ 1996ರಲ್ಲಿ ಪ್ರಕಟವಾಯಿತು. ‘ಖಂಡಿತ ಇಲ್ಲ’ದಿಂದ ‘ಖಂಡಿತ ಹೌದು’ವರೆಗೆ ಐದು ಮೆಟ್ಟಿಲು, ಅಂಕ ಕೂಡಿಸಿದರೆ ನಿರ್ಲಕ್ಷ್ಯದ ಅಳತೆ. ಅನುವಾದ ಸರಿ ಇದೆಯೋ ಇಲ್ಲವೋ ನೋಡಲು ಇನ್ನೊಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಮೂಲದ ಜೊತೆ ಹೋಲಿಸುವ ರೂಢಿ ಇದೆ. ಆದರೆ ತಿರುಗಿಸುವವರು ಮೈಸೂರಿನವರಾದರೆ ‘ತಿಂಡಿ’ ನೆಟ್ಟಗೆ ‘ಸ್ನ್ಯಾಕ್’ ಆಗಿ ವಾಪಸ್ ಹೋಗುತ್ತೆ. ಹಾಳೆ ಪಾಸು, ಆಯಿ ಫೇಲು. ಅಚ್ಚಿಗೆ ಮುಂಚೆ ಓಣಿಯ ಹತ್ತು ತಾಯಂದಿರ ಎದುರು ಕೂತು ಓದಿದ್ದರೆ ಸಾಕಿತ್ತು.

ಮಾತಿನ ತಪ್ಪು ತಿದ್ದಬಹುದು ಬಿಡಿ. ನನಗೆ ಚುಚ್ಚಿದ್ದು ಇನ್ನೊಂದು ಪ್ರಶ್ನೆ: ಮಗುವಿಗೆ ಹಲ್ಲಿನ ಚಿಕಿತ್ಸೆ ಬೇಕಿದೆ, ಆದರೆ ಮುಂದೂಡುತ್ತೀರಾ? ಕಪನೂರದ ದಾಲ್ ಮಿಲ್ಲಿಗೆ ದಿನಗೂಲಿಗೆ ಹೋಗುವ ತಾಯಿ ‘ಹೌದು’ ಅನ್ನದೆ ಏನಂದಾಳು? ದವಾಖಾನೆಗೆ ಒಂದು ದಿನ ಹೋದರೆ ಆ ದಿನದ ಪಗಾರ ಹೋಯ್ತು. ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ ಕೊಟ್ಟ ವ್ಯಾಖ್ಯೆಯಲ್ಲಾದರೂ ‘ಬೇಕಂತಲೇ’ ಅನ್ನೋ ಮಾತಿದೆ: ಹೆತ್ತವರು ಬೇಕಂತಲೇ ಚಿಕಿತ್ಸೆ ಕೊಡಿಸದಿದ್ದರೆ ಮಾತ್ರ ಅದು ನಿರ್ಲಕ್ಷ್ಯ. ಐದು ಮೆಟ್ಟಿಲಲ್ಲಿ ಆ ‘ಬೇಕಂತಲೇ’ಗೆ ಜಾಗವೇ ಇಲ್ಲ.

ಇದಕ್ಕಿಂತ ವಿಚಿತ್ರ ಕೇಳಿ. ‘ಹಾಲುಹಲ್ಲು, ಹ್ಯಾಂಗೂ ಬೀಳತಾವ’ ಅನ್ನುವ ತಾಯಿಯ ಲೆಕ್ಕದಲ್ಲಿ ಚಿಕಿತ್ಸೆಯೇ ಬೇಕಿಲ್ಲ. ಬೇಡದ್ದನ್ನು ಮುಂದೂಡೋದೆಲ್ಲಿ ಬಂತು? ಅವಳಿಗೆ ಒಳ್ಳೆ ಅಂಕ. ಹಿಂದಿನ ಹಾಲುದವಡೆ ಹಲ್ಲುಗಳು ಹತ್ತು–ಹನ್ನೆರಡು ವರ್ಷದ ತನಕ ಬೇಕು, ಹುಳುಕು ನೋವಾಗಿ ಕೀವಾಗುತ್ತೆ ಅಂತ ತಿಳಿದು, ದುಡ್ಡಿಲ್ಲದೆ ಒದ್ದಾಡುವ ತಾಯಿಗೆ ಕೆಟ್ಟ ಅಂಕ. ತಿಳಿವಳಿಕೆ ಹೆಚ್ಚಾದಷ್ಟೂ ನಿರ್ಲಕ್ಷ್ಯ ಹೆಚ್ಚು!

ಪ್ರಶ್ನಾವಳಿಯೇ ಬೇಡ ಅನ್ನುತ್ತಿಲ್ಲ. ಮಾತು ಬಾರದ ಕೂಸಿನ ನೋವು ಯಾರಾದರೂ ಕೇಳಲೇಬೇಕು. ಆದರೆ ‘ಮುಂದೂಡ್ತೀರಾ’ ಅಂದ ಕೂಡಲೇ ‘ಯಾಕೆ’ ಅಂತಲೂ ಕೇಳಿ: ಪಗಾರ ಹೋಗತದಂತನೋ, ಗೊತ್ತಿರಲಿಲ್ಲಂತನೋ, ಮನ್ಯಾಗ ಯಾರೂ ಒಪ್ಪಲಿಲ್ಲಂತನೋ. ಆಮೇಲೆ ಕೂಸಿನ ಬಾಯಿ ತೆರೆಸಿ ನೋಡಿ.

ತಂಗಿ ‘ಮುಂದೂಡ್ತೀನಿ, ಖಂಡಿತ ಹೌದು’ ಅಂತ ಗುರುತು ಹಾಕಿದಳು. ಮಗ್ಗುಲಲ್ಲಿ ಪೆನ್ನಿನಿಂದ ‘ಶನಿವಾರ ಸುಟ್ಟಿ ಸಿಕ್ಕರ ಹೋಗತೀನ್ರಿ’ ಅಂತಲೂ ಬರೆದಳು. ಅದಕ್ಕೆ ಹಾಳೆಯಲ್ಲಿ ಅಂಕ ಇರಲಿಲ್ಲ.