ಹಾಬಿಟ್‌ಗಳ ಶುಕ್ರವಾರ

ಕತೆ ಮುಗಿದ ಮೇಲೂ ಪುಟಗಳು ಉಳಿದಿದ್ದರೆ ನಮ್ಮಲ್ಲಿ ಹೆಚ್ಚಿನವರು ಪುಸ್ತಕ ಮುಚ್ಚಿಬಿಡುತ್ತೇವೆ. ಜೆ.ಆರ್.ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಮೂರನೆಯ ಸಂಪುಟ 1955ರಲ್ಲಿ ಹೊರಬಂದಾಗ ಅದರ ಹಿಂಬದಿಯಲ್ಲಿ ಇಂತಹ ಪುಟಗಳು ಬೇಕಾದಷ್ಟಿದ್ದವು. ಅವುಗಳಲ್ಲಿ ನಾಲ್ಕನೆಯ ಅನುಬಂಧ ಪೂರ್ತಿಯಾಗಿ ಕಾಲಗಣನೆಗೆ ಮೀಸಲು. ಚಲನಚಿತ್ರಗಳ ಮೂಲಕ ಮಾತ್ರ ಈ ಕತೆಯನ್ನು ಬಲ್ಲವರಿಗೆ ಹೀಗೊಂದು ಅನುಬಂಧ ಇದೆಯೆಂಬುದೇ ಗೊತ್ತಿರಲಾರದು. ಆದರೆ ಆ ಕಲ್ಪಿತ ಲೋಕದ ಶಕ್ತಿಯೂ ಮಿತಿಯೂ ಒಟ್ಟಿಗೆ ಕಾಣಸಿಗುವ ಜಾಗ ಅದೇ ಎಂಬುದು ನಮ್ಮ ಅಭಿಪ್ರಾಯ.

ಕಲ್ಪಿತ ಲೋಕಕ್ಕೊಂದು ಪಂಚಾಂಗ ಕಟ್ಟುವುದು ದೊಡ್ಡ ಕೆಲಸವಲ್ಲ. ತಿಂಗಳುಗಳಿಗೆ ವಿಚಿತ್ರ ಹೆಸರಿಟ್ಟು, ಆಕಾಶದಲ್ಲಿ ಎರಡು ಚಂದ್ರರನ್ನು ತೂಗುಹಾಕಿ ಕೈತೊಳೆದುಕೊಳ್ಳುವ ಲೇಖಕರು ಧಾರಾಳವಾಗಿದ್ದಾರೆ. ಟೋಲ್ಕಿನ್ ಹಾಗೆ ಮಾಡಲಿಲ್ಲ. ಅವರ ಪಂಚಾಂಗಗಳಿಗೆ ಇತಿಹಾಸವಿದೆ. ಸಾವಿಲ್ಲದ ಎಲ್ಫ್ ಜನರಿಗೆ ನಮ್ಮ ಒಂದು ವರ್ಷ ಯಾವ ಲೆಕ್ಕ? ಅವರ ದೊಡ್ಡ ‘ವರ್ಷ’ ನಮ್ಮ 144 ವರ್ಷಗಳಷ್ಟು ಉದ್ದ. ಅವರಿಗೆ ಆರು ಋತುಗಳು, ವಾರಕ್ಕೆ ಆರೇ ದಿನಗಳು. ದಿನವನ್ನು ಸೂರ್ಯಾಸ್ತದಿಂದ ಸೂರ್ಯಾಸ್ತಕ್ಕೆ ಎಣಿಸುತ್ತಾರೆ. ಗುರುವಾರ ಹೊತ್ತು ಮುಳುಗಿದೊಡನೆ ಶುಕ್ರವಾರ ಬಂತೆನ್ನುವ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎಲ್ಫ್‌ಗಳ ಆರು ದಿನಗಳು ನಕ್ಷತ್ರ, ಸೂರ್ಯ, ಚಂದ್ರ, ಎರಡು ಪವಿತ್ರ ವೃಕ್ಷಗಳು, ಆಕಾಶ ಮತ್ತು ಲೋಕವನ್ನು ಕಾಯುವ ದಿವ್ಯಶಕ್ತಿಗಳಿಗೆ ಸಲ್ಲುತ್ತವೆ. ನ್ಯೂಮೆನೋರ್ ದ್ವೀಪದ ಮನುಷ್ಯರು ಇದನ್ನು ಕಲಿತುಕೊಂಡರು. ಅವರು ಕಡಲಿನ ಜನ, ಆದ್ದರಿಂದ ಏಳನೆಯದೊಂದು ಕಡಲ ದಿನವನ್ನು ನಡುವೆ ಸೇರಿಸಿದರು. ಕೊನೆಯ ದಿನ ಮಾತ್ರ ಆ ದಿವ್ಯಶಕ್ತಿಗಳಿಗೇ ಉಳಿಯಿತು, ವಾರದ ಮುಖ್ಯ ದಿನವಾಗಿ. ಕೈಯಿಂದ ಕೈಗೆ ದಾಟಿ ಇದು ಹಾಬಿಟ್ ಎಂಬ ಕುಳ್ಳ ರೈತಾಪಿ ಜನರನ್ನು ತಲುಪುವ ಹೊತ್ತಿಗೆ ಹೆಸರುಗಳ ಅರ್ಥ ಮರೆತುಹೋಗಿತ್ತು. ಉಳಿದದ್ದು ಮಧ್ಯಾಹ್ನದ ಮೇಲೆ ರಜೆ, ಸಂಜೆಗೆ ಔತಣ. ಅವರು ‘ಹೈಡೇ’ ಎನ್ನುವ ಆ ದಿನವನ್ನು ಟೋಲ್ಕಿನ್ ನಮ್ಮ ಶುಕ್ರವಾರ ಎಂದು ಅನುವಾದಿಸುತ್ತಾರೆ. ಆರಾಧನೆಯ ದಿನವೊಂದು ಬಿರಿಯಾನಿಯ ದಿನವಾಗಿ ಉಳಿಯುವುದು ಹೇಗೆಂದು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಕಾದಂಬರಿಕಾರರು ವಿರಳ.

ಇಷ್ಟಕ್ಕೇ ನಿಲ್ಲದೆ ಹಾಬಿಟ್‌ಗಳು ಒಂದು ಸುಧಾರಣೆಯನ್ನೂ ಮಾಡುತ್ತಾರೆ. ಅವರ ಹನ್ನೆರಡು ತಿಂಗಳುಗಳಿಗೂ ತಲಾ 30 ದಿನ. ಉಳಿದ ಐದು ದಿನಗಳು ತಿಂಗಳ ಹೊರಗೆ, ಚಳಿಗಾಲದ ಮತ್ತು ಬೇಸಿಗೆಯ ಹಬ್ಬಗಳಾಗಿ ಇರುತ್ತವೆ. ಇವುಗಳಲ್ಲಿ ವರ್ಷದ ನಟ್ಟನಡುವಿನ ದಿನವನ್ನು ಅವರು ವಾರದ ಎಣಿಕೆಯಿಂದಲೇ ತೆಗೆದುಹಾಕಿದರು. ಆಗ ಉಳಿಯುವುದು 364 ದಿನ, ಸರಿಯಾಗಿ 52 ವಾರ. ಪ್ರತಿ ವರ್ಷವೂ ಅದೇ ತಾರೀಕಿಗೆ ಅದೇ ವಾರ ಬರುವುದರಿಂದ ಪತ್ರದಲ್ಲಿ ವಾರ ಬರೆಯುವ ಗೋಜೇ ಇಲ್ಲ. ಪಕ್ಕದ ಬ್ರೀ ಊರು ದಾಟಿದರೆ ಮಾತ್ರ ಸ್ವಲ್ಪ ಫಜೀತಿಯಂತೆ.

ಇದು ಬರೀ ಕಲ್ಪನೆಯ ಆಟವಲ್ಲ. ಕಾದಂಬರಿ ಅಚ್ಚಾಗುತ್ತಿದ್ದ ವರ್ಷಗಳಲ್ಲೇ ‘ವಿಶ್ವ ಕ್ಯಾಲೆಂಡರ್’ ಎಂಬ ಯೋಜನೆ ವಿಶ್ವಸಂಸ್ಥೆಯ ಮುಂದಿತ್ತು. ಅದನ್ನು ಅಲ್ಲಿಗೆ ಒಯ್ದದ್ದು ನಮ್ಮದೇ ಭಾರತ. ವಿಜ್ಞಾನಿ ಮೇಘನಾದ ಸಹಾ 1954ರಲ್ಲಿ ಜಿನೀವಾಕ್ಕೆ ಹೋಗಿ ಅದರ ಪರ ವಾದಿಸಿದರು. ವರ್ಷದ ಕೊನೆಯ ದಿನವನ್ನು ಯಾವ ವಾರಕ್ಕೂ ಸೇರಿಸದೆ ಬಿಡುವುದು ಅದರ ತಿರುಳು, ಹಾಬಿಟ್‌ಗಳ ಉಪಾಯವೇ. ವ್ಯಾಪಾರಿಗೂ ಲೆಕ್ಕಿಗನಿಗೂ ಬಹಳ ಅನುಕೂಲ. ಆದರೆ ಏಳು ದಿನಗಳ ಸರಪಳಿಯನ್ನು ಪೂಜ್ಯವೆಂದು ನಂಬಿದವರಿಗೆ? ಒಂದು ದಿನವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಿಜವಾದ ಶುಕ್ರವಾರ ಮರುವರ್ಷ ಗುರುವಾರ ಎನಿಸಿಕೊಳ್ಳುತ್ತದೆ, ಅದರ ಮುಂದಿನ ವರ್ಷ ಬುಧವಾರ. ಜುಮಾ ನಮಾಝಿಗೆ ಹೋಗಬೇಕಾದವನು ಕಚೇರಿಯಲ್ಲಿ ಪ್ರತಿ ವರ್ಷ ಬೇರೆ ಬೇರೆ ವಾರದಂದು ರಜೆ ಕೇಳಬೇಕು. ಯಹೂದಿಗಳು ಅತ್ಯಂತ ಬಲವಾಗಿ ವಿರೋಧಿಸಿದರು, ಶನಿವಾರವನ್ನು ಆಚರಿಸುವ ಕ್ರೈಸ್ತ ಪಂಗಡಗಳೂ ದನಿಗೂಡಿಸಿದವು. 1955ರಲ್ಲಿ ಅಮೆರಿಕ ಸರಕಾರ ಬೆಂಬಲ ಕೊಡಲು ನಿರಾಕರಿಸಿತು. 1956ರಲ್ಲಿ ಚರ್ಚೆಯನ್ನು ಅನಿರ್ದಿಷ್ಟವಾಗಿ ಮುಂದೂಡಲಾಯಿತು.

ಹಾಬಿಟ್‌ಗಳ ನಾಡಿನಲ್ಲಿ ಇಂತಹ ಒಂದು ದನಿಯೂ ಏಳುವುದಿಲ್ಲ. ನಮ್ಮ ತಕರಾರು ಇರುವುದು ಇಲ್ಲಿ. ಅರ್ಥ ಮರೆತವರು ಯಾಕೆ ಜಗಳ ಕಾಯುತ್ತಾರೆ ಎಂದು ಕೇಳಬಹುದು, ಅದು ಸರಿಯೇ. ಆದರೆ ಮರೆಯದವರ ಕತೆಯೇನು? ದ್ವೀಪದ ಜನ ವಾರಕ್ಕೊಂದು ದಿನ ಸೇರಿಸಿದಾಗಲೂ, ಅರಸರ ಗಣನೆಯನ್ನು ಮುಂದೆ ಆಡಳಿತಗಾರರು ತಿದ್ದಿದಾಗಲೂ ಯಾರೊಬ್ಬರೂ ತುಟಿ ಬಿಚ್ಚುವುದಿಲ್ಲ. ಈ ಲೋಕದಲ್ಲಿ ಪಂಚಾಂಗ ಬದಲಾಯಿಸಲು ಯಾರೂ ಯಾವ ಬೆಲೆಯನ್ನೂ ತೆರಬೇಕಾಗಿಲ್ಲ.

ಬೆಲೆಯ ಅರಿವು ಟೋಲ್ಕಿನ್ ಅವರಿಗೆ ಇಲ್ಲದಿರಲಿಲ್ಲ. ಅವರು ನಿಷ್ಠಾವಂತ ಕ್ಯಾಥೊಲಿಕರು. ದುಷ್ಟ ಸೌರಾನ್ ಪತನವಾಗುವುದು ಮಾರ್ಚ್ 25ರಂದು. ದೇವದೂತ ಮರಿಯಮ್ಮನಿಗೆ ಶುಭವಾರ್ತೆ ತಂದನೆಂದು ಕ್ರೈಸ್ತರು ಆಚರಿಸುವ ದಿನ ಅದು. 1752ರ ತನಕ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ವರ್ಷ ಆರಂಭವಾಗುತ್ತಿದ್ದುದೂ ಅಂದೇ. ಉಂಗುರವನ್ನು ನಾಶಮಾಡಲು ಹೊರಟವರು ಪ್ರಯಾಣ ಆರಂಭಿಸುವುದು ಡಿಸೆಂಬರ್ 25ರಂದು. ತಮ್ಮ ನಂಬಿಕೆಯನ್ನು ಅವರು ತಾರೀಕುಗಳೊಳಗೆ ಅಡಗಿಸಿಟ್ಟರು, ಪಾತ್ರಗಳಿಗೆ ಮಾತ್ರ ಅದನ್ನು ಕೊಡಲಿಲ್ಲ. ನಮಗೆ ಇದು ಸಂಯಮದಷ್ಟೇ ಕೊರತೆಯಾಗಿಯೂ ಕಾಣುತ್ತದೆ.

ಆದರೂ ಅನುಬಂಧದ ಕೊನೆಯ ಭಾಗ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಗೆದ್ದ ಅರಸ ಹೊಸ ಗಣನೆಯೊಂದನ್ನು ಜಾರಿಗೆ ತರುತ್ತಾನೆ. ಇನ್ನು ಮೇಲೆ ವರ್ಷ ಆರಂಭವಾಗುವುದು ಮಾರ್ಚ್ 25ಕ್ಕೆ, ಉಂಗುರ ಹೊತ್ತ ಫ್ರೋಡೋನ ಹುಟ್ಟುಹಬ್ಬ ಸೆಪ್ಟೆಂಬರ್ 22 ರಾಜ್ಯದ ಹಬ್ಬ. ಸಮುದಾಯಗಳು ತಮ್ಮ ಕಾಲವನ್ನು ಎಲ್ಲಿಂದ ಎಣಿಸುತ್ತವೆ ಎಂಬುದು ಸಣ್ಣ ಸಂಗತಿಯಲ್ಲ. ಖಲೀಫ ಉಮರ್ ಅವರ ಕಾಲದಲ್ಲಿ ಮುಸ್ಲಿಮರು ಶಕೆಯ ಆರಂಭವಾಗಿ ಆರಿಸಿಕೊಂಡದ್ದು ಪ್ರವಾದಿಯವರ ಜನನವನ್ನೋ ಒಂದು ವಿಜಯವನ್ನೋ ಅಲ್ಲ, ಊರು ಬಿಟ್ಟು ಹೊರಟ ಹಿಜ್ರಾ ವರ್ಷವನ್ನು. ಗೊಂಡೋರಿನ ಅರಸ ಆರಿಸಿಕೊಂಡದ್ದು ಶತ್ರು ಬಿದ್ದ ದಿನವನ್ನು.

ತಮಾಷೆಯೆಂದರೆ, ಫ್ರೋಡೋನ ಸ್ವಂತ ನಾಡಿನವರು ಈ ಎರಡು ದಿನಗಳ ಕಡೆ ಅಧಿಕೃತವಾಗಿ ತಿರುಗಿಯೂ ನೋಡಲಿಲ್ಲ. ಅವರ ಹೊಸವರ್ಷ ಎಂದಿನಂತೆ ಚಳಿಗಾಲದಲ್ಲೇ. ಬಕ್‌ಲ್ಯಾಂಡಿನವರು ಮಾತ್ರ ಪ್ರತಿ ನವೆಂಬರ್ 2ರ ಸಂಜೆ ಕೊಂಬೂದಿ, ಬೆಂಕಿ ಹಾಕಿ, ಔತಣ ಮಾಡುತ್ತಾರೆ. ಹಾಬಿಟನ್ ಗುಡ್ಡದ ಸುತ್ತಲಿನ ಹಳ್ಳಿಗರು ಮಳೆಯಿಲ್ಲದಿದ್ದರೆ ಏಪ್ರಿಲ್ 6ರಂದು ಬಯಲಲ್ಲಿ ಸೇರಿ ಕುಣಿಯುತ್ತಾರೆ. ಅದು ತೋಟಗಾರ ಸ್ಯಾಮ್‌ನ ಹುಟ್ಟುಹಬ್ಬ ಎಂದು ಕೆಲವರು, ಬಂಗಾರದ ಮರ ಮೊದಲು ಹೂಬಿಟ್ಟ ದಿನ ಎಂದು ಕೆಲವರು, ಎಲ್ಫ್‌ಗಳ ಹೊಸವರ್ಷ ಎಂದು ಇನ್ನು ಕೆಲವರು. ಯಾವುದು ಸರಿ ಎಂದು ಟೋಲ್ಕಿನ್ ತೀರ್ಪು ಕೊಡುವುದಿಲ್ಲ.