ತೀರ್ಪುಗಾರನ ಕಣ್ಣು, ಆಟಗಾರನ ಸಾಕ್ಷಿ

ಕಾಲ್ಚೆಂಡಾಟದಲ್ಲಿ ರೆಫರಿಯ ತೀರ್ಪು ತಪ್ಪಾಯಿತೆಂಬ ಗದ್ದಲವೆದ್ದಾಗಲೆಲ್ಲ ವಿಮರ್ಶಕರು ಕೇಳುವುದು ಒಂದೇ ಪ್ರಶ್ನೆ: ಆತನಿಗೆ ಏಕೆ ಕಾಣಲಿಲ್ಲ? ನಡೆದುದನ್ನು ಆತನಿಗಿಂತ ಚೆನ್ನಾಗಿ ಬಲ್ಲ ಆಟಗಾರನೊಬ್ಬನು ಅದೇ ಮೈದಾನದಲ್ಲಿರುತ್ತಾನೆ. ಅವನೇಕೆ ಹೇಳಲಿಲ್ಲ ಎಂದು ಕೇಳುವವರು ವಿರಳ. ಇಂತಹ ಚರ್ಚೆಗಳ ಮೂಲದೋಷವೇ ಇದು.

1997ರ ಮಾರ್ಚ್ 24ರಂದು ಲಂಡನ್ನಿನ ಹೈಬರಿ ಮೈದಾನದಲ್ಲಿ ಆರ್ಸೆನಲ್ ಮತ್ತು ಲಿವರ್‌ಪೂಲ್ ತಂಡಗಳ ನಡುವೆ ನಡೆದ ಪಂದ್ಯವು ಇದಕ್ಕೊಂದು ಅಪರೂಪದ ಅಪವಾದ. ಲಿವರ್‌ಪೂಲಿನ ರಾಬಿ ಫೌಲರ್ ಗೋಲಿನತ್ತ ನುಗ್ಗಿದಾಗ ಎದುರಾಳಿ ಗೋಲ್‌ಕೀಪರ್ ಡೇವಿಡ್ ಸೀಮನ್ ಮುಂದೆ ಬಂದು ತಡೆಯಲೆತ್ನಿಸಿದರು, ಫೌಲರ್ ನೆಲಕ್ಕುರುಳಿದರು. ರೆಫರಿ ಜೆರಾಲ್ಡ್ ಆಶ್ಬಿ ಪೆನಾಲ್ಟಿ ವಿಧಿಸಿದರು. ಅದರ ಲಾಭ ಪಡೆಯಬೇಕಾಗಿದ್ದ ಫೌಲರ್ ಅವರೇ ಕೈಯಾಡಿಸಿ, ಇದು ಪೆನಾಲ್ಟಿಯಲ್ಲವೆಂದು ತಿಳಿಸಿದರು. ತೀರ್ಪು ಬದಲಾಗಲಿಲ್ಲ. ಒದೆಯಲು ನಿಂತವರೂ ಫೌಲರ್ ಅವರೇ. ಸೀಮನ್ ಚೆಂಡನ್ನು ತಡೆದರು. ಪುಟಿದು ಬಂದುದನ್ನು ಜೇಸನ್ ಮೆಕಾಟೀರ್ ಗೋಲಿಗಟ್ಟಿದರು. ಲಿವರ್‌ಪೂಲ್ 2-1ರಿಂದ ಗೆದ್ದಿತು.

ಆಶ್ಬಿಯವರನ್ನು ಹಳಿಯುವುದು ಸುಲಭ. ಆಟ ಪುನರಾರಂಭವಾಗುವ ಮುನ್ನ ತೀರ್ಪನ್ನು ತಿದ್ದಿಕೊಳ್ಳುವ ಅಧಿಕಾರ ರೆಫರಿಗೆ ಇದ್ದೇ ಇದೆ. ಆದರೆ ಎದುರಾಳಿಯನ್ನು ಕೆಡಹುವ ಪ್ರಯತ್ನವೂ ನಿಯಮದಂತೆ ಅಪರಾಧವೇ. ಮೈ ತಾಗಲಿಲ್ಲವೆಂದ ಮಾತ್ರಕ್ಕೆ ತೀರ್ಪು ತಪ್ಪಾಗದು. ಒಂದೇ ನೆಲೆಯಲ್ಲಿ ನಿಂತು, ಕ್ಷಣಮಾತ್ರದಲ್ಲಿ ಕಂಡುದನ್ನು ನಿರ್ಣಯಿಸುವವನ ತಪ್ಪು ಪ್ರಮಾದ. ತಿಳಿದೂ ಮೌನವಾಗಿ ಲಾಭ ಪಡೆಯುವವನದು ವಂಚನೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ.

ಹಾಗೆಂದು ಫೌಲರ್ ಅವರ ನಡತೆಯೂ ವಿಮರ್ಶೆಗೆ ಅತೀತವಲ್ಲ. ತಾವು ಬೇಕೆಂದೇ ಒದೆತವನ್ನು ಕೆಡಿಸಲಿಲ್ಲ, ಗೋಲು ಗಳಿಸುವುದೇ ಉದ್ದೇಶವಾಗಿತ್ತು ಎಂದು ಅವರೇ ಮುಂದೆ ಹೇಳಿದರು. ಸತ್ಯವನ್ನು ನುಡಿಯುವುದು ಒಂದು ಹೆಜ್ಜೆ. ತನ್ನದಲ್ಲವೆಂದು ತಾನೇ ಸಾರಿದ ಲಾಭವನ್ನು ತ್ಯಜಿಸುವುದು ಅದರ ಮುಂದಿನ ಹೆಜ್ಜೆ. ಅವರು ಮೊದಲನೆಯದನ್ನಿಟ್ಟರು, ಎರಡನೆಯದರಲ್ಲಿ ನಿಂತರು. ಆದರೂ ಆ ಮೊದಲ ಹೆಜ್ಜೆ ಎಷ್ಟು ದುರ್ಲಭವೆಂಬುದನ್ನು ಇನ್ನೊಂದು ಪಂದ್ಯ ತೋರಿಸುತ್ತದೆ.

2009ರ ನವೆಂಬರ್ 18ರಂದು ಪ್ಯಾರಿಸ್ ಸಮೀಪದ ಸೇಂಟ್ ಡೆನಿಯಲ್ಲಿ, ಐರ್ಲೆಂಡಿನ ವಿರುದ್ಧ ಫ್ರಾನ್ಸಿನ ಥಿಯೆರಿ ಆನ್ರಿ ಚೆಂಡನ್ನು ಕೈಯಿಂದ ತಡೆದು ಸಹ ಆಟಗಾರ ವಿಲಿಯಂ ಗಲ್ಲಾಸ್ ಅವರಿಗೆ ಒದಗಿಸಿದರು. ರೆಫರಿ ಮಾರ್ಟಿನ್ ಹಾನ್ಸನ್ ಅದನ್ನು ಕಾಣದೆ ಗೋಲನ್ನು ಮಾನ್ಯ ಮಾಡಿದರು. ಆ ಗೋಲಿನಿಂದ ಫ್ರಾನ್ಸ್ 2010ರ ವಿಶ್ವಕಪ್‌ಗೆ ಅರ್ಹವಾಯಿತು. ಕೈ ತಾಗಿದ್ದು ನಿಜ, ಆದರೆ ತಾನು ರೆಫರಿಯಲ್ಲ ಎಂದು ಆನ್ರಿ ಪಂದ್ಯ ಮುಗಿದ ಬಳಿಕ ಹೇಳಿದರು. ಮರುಪಂದ್ಯವೇ ನ್ಯಾಯವೆಂದು ಮತ್ತೆರಡು ದಿನಗಳಲ್ಲಿ ಅವರು ನುಡಿದರೂ ಫಿಫಾ ಅದಕ್ಕೆ ಒಪ್ಪಲಿಲ್ಲ. ಕಾಲ ಮೀರಿ ಬಂದ ಸತ್ಯದಿಂದ ಐರ್ಲೆಂಡಿಗೆ ದಕ್ಕಿದ್ದೇನೂ ಇಲ್ಲ.

2018ರ ವಿಶ್ವಕಪ್‌ನಿಂದ ರೆಫರಿಯ ನೆರವಿಗೆ ವಿಡಿಯೋ ಪರಿಶೀಲನೆ ಬಂದಿದೆ. ಆದರೆ ಚರ್ಚೆ ನಿಂತಿಲ್ಲ. ಯಂತ್ರವು ಚೆಂಡು ಕೈಗೆ ತಾಗಿದುದನ್ನು ತೋರಬಲ್ಲದು. ತಾಗಿತೆಂದು ಒಪ್ಪಿಕೊಳ್ಳುವ ಮನಸ್ಸನ್ನು ಕೊಡಲಾರದು. ತನ್ನ ತಂಡಕ್ಕೆ ಒಲಿದ ತಪ್ಪು ತೀರ್ಪಿಗೆ ಹಿಗ್ಗಿ, ವಿರುದ್ಧವಾದಾಗ ಮಾತ್ರ ನ್ಯಾಯವನ್ನು ನೆನೆಯುವ ಪ್ರೇಕ್ಷಕನು ಆ ತಪ್ಪನ್ನು ಮಾಡದಿದ್ದರೂ ಅನುಮೋದಿಸಿದವನೇ. ರೆಫರಿಯನ್ನು ಪ್ರಶ್ನಿಸುವ ಮುನ್ನ ಅವನು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ: ಅಂದು ಹೈಬರಿಯಲ್ಲಿ ಬಿದ್ದವನು ತನ್ನ ಮಗನಾಗಿದ್ದರೆ, ಕೈಯಾಡಿಸಿದುದಕ್ಕೆ ಅವನನ್ನು ಮೆಚ್ಚುತ್ತಿದ್ದನೇ, ಗದರುತ್ತಿದ್ದನೇ?