ಕಠಾರಿ ಕಟ್ಟಿದ ಮಕ್ಕಳ ಕುಣಿತ

ಕಾಕಸಸ್ ಪರ್ವತಗಳ ತಪ್ಪಲಿನ ಚೆಚೆನ್ಯ ಐದಾರು ವರ್ಷಗಳ ಅಂತರದಲ್ಲಿ ಎರಡು ಯುದ್ಧಗಳನ್ನು ಕಂಡಿತು. ಮೊದಲನೆಯದು 1994ರಿಂದ 1996ರವರೆಗೆ ನಡೆಯಿತು. ಎರಡನೆಯದು 1999ರಲ್ಲಿ ಆರಂಭವಾಯಿತು. ಆ ಯುದ್ಧಕಾಲದಲ್ಲೇ ನೃತ್ಯಗುರು ರಂಜಾನ್ ಅಖ್ಮಾದೋವ್ ಅವರು ರಾಜಧಾನಿ ಗ್ರೋಜ್ನಿಯ ಮಕ್ಕಳನ್ನು ಕಲೆಹಾಕಿ 'ದೈಮೋಖ್ಕ್' ಎಂಬ ತಂಡ ಕಟ್ಟಿದರು. ಆ ಪದಕ್ಕೆ ಪಿತೃಭೂಮಿ ಎಂದರ್ಥ. ಈ ತಂಡ ಬಸ್ಸಿನಲ್ಲಿ ಯೂರೋಪನ್ನು ಸುತ್ತಿದ್ದನ್ನು ಡಚ್ ನಿರ್ದೇಶಕ ಯೋಸ್ ದ ಪುಟರ್ 2002ರ ತಮ್ಮ 'ದಾನ್ಸ್, ಗ್ರೋಜ್ನಿ, ದಾನ್ಸ್' ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟಿದ್ದಾರೆ.

ಇವರ ಮುಖ್ಯ ನೃತ್ಯ ಲೆಜ್ಗಿಂಕಾ. ಹುಡುಗನು ಎದೆಯುಬ್ಬಿಸಿ, ತೋಳು ಚಾಚಿ, ಹದ್ದಿನಂತೆ ಸುತ್ತುತ್ತಾನೆ. ನೆಲ ಮುಟ್ಟುವ ನಿಲುವಂಗಿ ತೊಟ್ಟ ಹುಡುಗಿ, ಹೆಜ್ಜೆಯೇ ಕಾಣದಂತೆ, ನೀರಿನ ಮೇಲಿನ ಹಂಸದ ಹಾಗೆ ತೇಲುತ್ತಾಳೆ. ಎಷ್ಟು ಸಮೀಪ ಬಂದರೂ ಹುಡುಗ ಆಕೆಯನ್ನು ಮುಟ್ಟುವಂತಿಲ್ಲ. ಅವನ ಸೊಂಟದಲ್ಲಿ ಕಠಾರಿ, ಎದೆಯ ಮೇಲೆ ಮದ್ದುಗುಂಡಿನ ಕೊಳವೆಗಳ ಸಾಲು.

ಗುಂಡಿನ ಸದ್ದು ಕೇಳಿ ಬೆಳೆದ ಕೂಸಿಗೆ ಮತ್ತೆ ಆಯುಧದ ವೇಷವೇಕೆ? ತಾಯ್ತಂದೆಯರಾದವರು ಕೇಳಲೇಬೇಕಾದ ಪ್ರಶ್ನೆ ಇದು. ನನ್ನ ಮಟ್ಟಿಗೆ, ಉತ್ತರ ಆ ನೃತ್ಯದ ಕಟ್ಟುಪಾಡಿನಲ್ಲಿದೆ. ಯುದ್ಧದಲ್ಲಿ ಆಯುಧ ಹಿಡಿದವನಿಗೆ ಮಿತಿಯಿಲ್ಲ. ಇಲ್ಲಿ ಅವನು ತಾಳಕ್ಕೆ ಬಾಗಬೇಕು, ಎದುರಿರುವವಳಿಗೆ ದಾರಿ ಬಿಡಬೇಕು, ನಿಲ್ಲಬೇಕಾದಲ್ಲಿ ನಿಲ್ಲಬೇಕು. ಮನೆಮಠ ಕುಸಿದ ಮಗುವಿಗೆ ಇಷ್ಟು ಖಚಿತವಾದ ನಿಯಮವುಳ್ಳ ಬೇರೆ ಯಾವ ಸ್ಥಳ ಉಳಿದಿತ್ತು? 1944ರ ಫೆಬ್ರವರಿಯಲ್ಲಿ ಸ್ಟಾಲಿನ್ ಆಡಳಿತವು ಇಡೀ ಚೆಚೆನ್ ಜನಾಂಗವನ್ನು ಮಧ್ಯ ಏಷ್ಯಾಕ್ಕೆ ಗಡೀಪಾರು ಮಾಡಿತ್ತು. ಮರಳಲು ಅನುಮತಿ ದೊರೆತದ್ದು 1957ರಲ್ಲಿ. ಹೊತ್ತೊಯ್ಯಲು ಸಾಮಾನೇ ಇಲ್ಲದವರಿಗೆ ಭಾಷೆ ಮತ್ತು ಕುಣಿತವೇ ಆಸ್ತಿ.

ಚಿತ್ರದ ಬಗ್ಗೆ ನನಗೊಂದು ಆಕ್ಷೇಪವುಂಟು. ಸಭಾಂಗಣದ ಚಪ್ಪಾಳೆಯು ನೋಡುಗನಿಗೆ ಸುಲಭವಾದ ಸಮಾಧಾನ ಕೊಡುತ್ತದೆ. ಚಪ್ಪಾಳೆ ತಟ್ಟಿದವರು ಮನೆಗೆ ನಡೆದರು. ಮಕ್ಕಳು ನಡೆಯಬೇಕಾದದ್ದು ಗ್ರೋಜ್ನಿಗೆ. ಅದನ್ನು 2003ರಲ್ಲಿ ವಿಶ್ವಸಂಸ್ಥೆ ಭೂಮಿಯ ಮೇಲಿನ ಅತ್ಯಂತ ಧ್ವಂಸಗೊಂಡ ನಗರವೆಂದು ಕರೆಯಿತು.

ಇಂದು ಈ ಚಿತ್ರ ನೋಡುವವರಿಗೆ ಇನ್ನೊಂದು ಸಂಗತಿಯೂ ತಿಳಿದಿರಲಿ. 2024ರಲ್ಲಿ ಚೆಚೆನ್ಯದ ಸಂಸ್ಕೃತಿ ಸಚಿವಾಲಯವು ಹಾಡು, ವಾದ್ಯ, ನೃತ್ಯಗಳ ಲಯ ನಿಮಿಷಕ್ಕೆ 80ರಿಂದ 116 ಬಡಿತಗಳೊಳಗೇ ಇರಬೇಕೆಂದು ವಿಧಿಸಿತು. ಕೊಟ್ಟ ಕಾರಣವೂ ಪರಂಪರೆಯೇ. ಗುರು ಕಲಿಸಿದ ತಾಳಕ್ಕೆ ಮಗು ತಾನಾಗಿ ಬಾಗುವುದು ಬೇರೆ, ಅಧಿಕಾರಿ ಗಡಿಯಾರ ಹಿಡಿದು ಅಳೆಯುವುದು ಬೇರೆ.